ಊರ ಬಾಗಿಲಿನಿಂದ ಮನೆಯ ಹೊಸ್ತಿಲವರೆಗೆ: ಸ್ಥಳೀಯ ಇಂಟರ್‌ನೆಟ್ ಸೇವೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನಾನು ಕಣ್ಣಾರೆ ಕಂಡ ಒಂದು ಸಣ್ಣ ಪ್ರಸಂಗದಿಂದ ಮಾತನ್ನು ಆರಂಭಿಸುತ್ತೇನೆ. ಒಂದು ಬೇಸಿಗೆಯಲ್ಲಿ ತಿಕೋಟಾ ಭಾಗದ ಒಂದು ಹಳ್ಳಿಗೆ ಹೋಗಿದ್ದೆ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಭರದಿಂದ ಸಾಗಿದ್ದ ದಿನಗಳವು. ಕುಡಿಯುವ ನೀರಿನ ಪೈಪು ಹಾಕಲು ಜೆಸಿಬಿ ಯಂತ್ರ ರಸ್ತೆಯ ಬದಿಯನ್ನು ಅಗೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಹಲ್ಲಿಗೆ ಕಿರುಬೆರಳಿನಷ್ಟು ದಪ್ಪದ ಒಂದು ಕಪ್ಪು ಕೇಬಲ್ ಸಿಕ್ಕಿ ತುಂಡಾಯಿತು. ಅಷ್ಟಕ್ಕೇ ಊರಿನ ಅರ್ಧ ಮನೆಗಳ ಇಂಟರ್‌ನೆಟ್ ನಿಂತಿತು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಬಾಗಿಲು ಹಾಕಿತು. ಕಾಲೇಜಿಗೆ ಅರ್ಜಿ ಸಲ್ಲಿಸಲು ಕಡೆಯ ದಿನವೆಂದು ಬಂದಿದ್ದ ಒಬ್ಬ ಹುಡುಗಿ ತಂದೆಯ ಬೈಕಿನಲ್ಲಿ ವಿಜಯಪುರಕ್ಕೆ ಹೋಗಬೇಕಾಯಿತು. ಕೇಬಲ್ ಜೋಡಣೆಯಾಗಲು ಮೂರು ದಿನ ಹಿಡಿಯಿತು. ಕೇಬಲ್ ಹಾಕಿದವರು ಗುತ್ತಿಗೆದಾರರನ್ನು ದೂರಿದರು. ಗುತ್ತಿಗೆದಾರರು, ಅಲ್ಲಿ ಕೇಬಲ್ ಇದೆಯೆಂದು ತಮಗೆ ಯಾರೂ ತಿಳಿಸಿರಲಿಲ್ಲ ಎಂದರು. ಪಂಚಾಯತಿಯ ಕಡತದಲ್ಲಿ ಆ ಕೇಬಲ್ಲಿನ ಸುಳಿವೇ ಇರಲಿಲ್ಲ. ಆ ಹುಡುಗಿಯ ತಂದೆ ವಾರ್ಡಿನ ಸದಸ್ಯರ ಮುಂದೆ ನಿಂತು, “ಇದನ್ನ ಯಾರಿಗೆ ಕೇಳಬೇಕ್ರಿ?” ಎಂದು ಕೇಳಿದರು. ಸದಸ್ಯರ ಬಳಿ ಉತ್ತರವಿರಲಿಲ್ಲ.

ನೀರು ನಿಂತರೆ, ಬೀದಿದೀಪ ಆರಿದರೆ, ಚರಂಡಿ ಕಟ್ಟಿದರೆ ಯಾರನ್ನು ಕೇಳಬೇಕೆಂದು ನಮ್ಮ ಊರಿನ ಮಗುವಿಗೂ ಗೊತ್ತು. ಇಂಟರ್‌ನೆಟ್ ನಿಂತರೆ ಯಾರನ್ನು ಕೇಳಬೇಕೆಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಪಂಚಾಯತಿ ಹೇಗಿರಬೇಕೆಂಬುದೇ ಇಂದಿನ ನನ್ನ ವಿಷಯ.

ದೊಡ್ಡ ಕಾಲುವೆ, ಸಣ್ಣ ಹಂಚಿಕೆ

ಹಂಚಿಕೆಯ ಲೆಕ್ಕ ವಿಜಯಪುರದವರಿಗೆ ಹೊಸದೇನಲ್ಲ. ಆದಿಲ್ ಶಾಹಿ ಕಾಲದಲ್ಲಿ ತೊರವಿಯಿಂದ ಮತ್ತು 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನಗರಕ್ಕೆ ನೀರು ಬರುತ್ತಿತ್ತು. ನೆಲದಡಿಯ ಕೊಳವೆಗಳಲ್ಲಿ ಬಂದ ನೀರು ‘ಗಂಜ್’ ಎಂದು ಕರೆಯುವ ಕಲ್ಲಿನ ಗೋಪುರಗಳನ್ನು ಹಾಯ್ದು, ಅಲ್ಲಿ ಒತ್ತಡ ಇಳಿಸಿಕೊಂಡು, ಮುಂದೆ ಬೇರೆಬೇರೆ ಕಡೆಗೆ ಹಂಚಿಕೆಯಾಗುತ್ತಿತ್ತು. ಕೆರೆ ಎಷ್ಟೇ ದೊಡ್ಡದಿರಲಿ, ಹಂಚುವ ವ್ಯವಸ್ಥೆ ಇಲ್ಲದಿದ್ದರೆ ನೀರು ಮನೆಯ ಕೊಡಕ್ಕೆ ಬರುವುದಿಲ್ಲ.

ಇಂಟರ್‌ನೆಟ್ಟಿನ ಕ್ರಮವೂ ಹೀಗೆಯೇ. ದೂರದ ನಗರಗಳಿಂದ ಜಿಲ್ಲಾ ಕೇಂದ್ರದವರೆಗೆ ಬರುವ ಮುಖ್ಯ ಕೇಬಲ್ಲು ದೊಡ್ಡ ಕಂಪನಿಗಳದ್ದು ಅಥವಾ ಸರ್ಕಾರದ್ದು. ಅಲ್ಲಿಂದ ಸಗಟು ಲೆಕ್ಕದಲ್ಲಿ ಸಂಪರ್ಕವನ್ನು ಕೊಂಡು, ಬಡಾವಣೆಗೆ, ಹಳ್ಳಿಗೆ, ಓಣಿಗೆ ಕೇಬಲ್ ಎಳೆದು ಮನೆಮನೆಗೆ ಹಂಚುವವರು ಸ್ಥಳೀಯ ಸೇವಾದಾರರು. ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ದೂರದ ಊರುಗಳು. ಇಂದು ಬಳಕೆಯಲ್ಲಿರುವ ಗಾಜಿನ ಎಳೆಯ ತಂತ್ರಜ್ಞಾನದಲ್ಲಿ ಒಂದು ಕೇಂದ್ರದ ಯಂತ್ರದಿಂದ ಸಾಮಾನ್ಯವಾಗಿ 20 ಕಿಲೋಮೀಟರ್‌ವರೆಗೆ ಮನೆಗಳಿಗೆ ಬೆಳಕಿನ ಸಂಕೇತ ತಲುಪುತ್ತದೆ. ನಡುವೆ ಒಂದು ಊರಿನಲ್ಲಿ ಯಂತ್ರವನ್ನಿಟ್ಟರೆ ಸುತ್ತಲಿನ ಹತ್ತಾರು ಹಳ್ಳಿಗಳಿಗೆ ಸೇವೆ ಕೊಡಬಹುದು. ಆದ್ದರಿಂದಲೇ ಇಂಥ ಊರುಗಳಲ್ಲಿ ಸಣ್ಣ ಸೇವಾದಾರರಿಗೆ ನೆಲೆ ಸಿಗುತ್ತದೆ.

ಈ ಸಣ್ಣ ಸೇವಾದಾರರು ಎಲ್ಲಿಂದ ಬಂದರು? ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಅದನ್ನು ಕೊಡುತ್ತಿದ್ದುದು ಸರ್ಕಾರಿ ಸಂಸ್ಥೆಯೊಂದೇ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಅವಕಾಶ ದೊರೆಯಿತು. 2013ರ ಏಕೀಕೃತ ಪರವಾನಗಿ ಪದ್ಧತಿಯಲ್ಲಿ ಇಂಟರ್‌ನೆಟ್ ಸೇವೆಗೆ ಮೂರು ವರ್ಗಗಳಿದ್ದವು. ಎ ವರ್ಗ ಇಡೀ ದೇಶಕ್ಕೆ, ಬಿ ವರ್ಗ ಒಂದು ರಾಜ್ಯದಷ್ಟು ವ್ಯಾಪ್ತಿಗೆ, ಸಿ ವರ್ಗ ಸರಿಸುಮಾರು ಒಂದು ಜಿಲ್ಲೆಯಷ್ಟು ವ್ಯಾಪ್ತಿಗೆ. ಪ್ರವೇಶ ಶುಲ್ಕವನ್ನು ಕ್ರಮವಾಗಿ 30 ಲಕ್ಷ, 2 ಲಕ್ಷ ಮತ್ತು 20 ಸಾವಿರ ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. ಒಂದು ಜಿಲ್ಲೆಯೊಳಗೆ ದುಡಿಯಬಯಸುವ ಸಣ್ಣ ಬಂಡವಾಳದವರಿಗೂ ಕಾನೂನು ಬಾಗಿಲು ತೆರೆದಿದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಇನ್ನೊಂದು ಕಾರಣ ಟಿ.ವಿ. ಕೇಬಲ್ಲಿನದು. ಗ್ರಾಮೀಣ ಪ್ರದೇಶದಲ್ಲಿ ಕೇಬಲ್ ಟಿ.ವಿ.ಯನ್ನು ಡಿಜಿಟಲ್ ಮಾಡುವ ಗಡುವು 2017ರ ಮಾರ್ಚ್ 31ಕ್ಕೆ ಮುಗಿಯಿತು. ಸೆಟ್‌ಟಾಪ್ ಪೆಟ್ಟಿಗೆಗಳು ಬಂದವು, ಡಿಶ್ಶುಗಳು ಬಂದವು, ಬಳಿಕ ಜನ ಮೊಬೈಲಿನಲ್ಲಿಯೇ ಚಿತ್ರ ನೋಡತೊಡಗಿದರು. ಕೇಬಲ್ ನಡೆಸುತ್ತಿದ್ದವರ ಆದಾಯ ಕುಗ್ಗಿತು. ಆದರೆ ಅವರ ಬಳಿ ಬೇರೊಬ್ಬರಲ್ಲಿ ಇಲ್ಲದ ಮೂರು ಆಸ್ತಿಗಳಿದ್ದವು: ಓಣಿ ಓಣಿಯ ಪರಿಚಯ, ಕಂಬ ಹತ್ತುವ ಹುಡುಗರು, ತಿಂಗಳಿಗೊಮ್ಮೆ ಮನೆಗೆ ಹೋಗಿ ಹಣ ವಸೂಲು ಮಾಡುವ ರೂಢಿ. ಹೀಗೆ ಹಲವರು ತಾಮ್ರದ ಕೇಬಲ್ ಬಿಟ್ಟು ಗಾಜಿನ ಎಳೆಗೆ ಬಂದರು. ಕೆಲವರು ಸ್ವತಃ ಪರವಾನಗಿ ಪಡೆದರು. ಹೆಚ್ಚಿನವರು ಪರವಾನಗಿ ಇರುವ ಕಂಪನಿಯೊಂದರ ಪಾಲುದಾರರಾಗಿ ಕೆಲಸ ಮಾಡುತ್ತಾರೆ. ಈ ಎರಡು ಬಗೆಯ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ. ಮುಂದೆ ಇದೇ ನಮಗೆ ಬೇಕಾಗುತ್ತದೆ.

ಭಾರತ್‌ನೆಟ್ ಬಂದ ಮೇಲೂ ಇವರೇಕೆ?

ನಿಮ್ಮಲ್ಲಿ ಅನೇಕರು ಕೇಳಬಹುದು: “ನಮ್ಮ ಪಂಚಾಯತಿ ಕಚೇರಿಗೆ ಸರ್ಕಾರದ ಭಾರತ್‌ನೆಟ್ ಬಂದಿದೆಯಲ್ಲ, ಮತ್ತೆ ಇವರೇಕೆ?” ಪ್ರಶ್ನೆ ಸರಿಯಾದುದೇ. ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ನೀಡಿತು. ಬಳಿಕ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಗುರಿ ಇದ್ದದ್ದು ಎಲ್ಲ ಗ್ರಾಮ ಪಂಚಾಯತಿಗಳ ಬಾಗಿಲಿಗೆ ಗಾಜಿನ ಎಳೆ ತರುವುದು. ಮೊದಲ ಹಂತದ ಜಾಲ ಮರದ ಕೊಂಬೆಯಂತೆ ಹರಡಿತ್ತು. ಕೊಂಬೆ ಒಂದೆಡೆ ಮುರಿದರೆ ಅದರಾಚೆಯ ಎಲೆಗಳೆಲ್ಲ ಒಣಗುವಂತೆ, ಕೇಬಲ್ ಒಂದೆಡೆ ತುಂಡಾದರೆ ಅದರಾಚೆಯ ಪಂಚಾಯತಿಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತಿದ್ದವು. ಈ ಯೋಜನೆ ರೂಪುಗೊಂಡಾಗ ತಿಕೋಟಾ ಮತ್ತು ಬಬಲೇಶ್ವರ ಇನ್ನೂ ತಾಲ್ಲೂಕುಗಳಾಗಿರಲಿಲ್ಲ, ವಿಜಯಪುರ ತಾಲ್ಲೂಕಿನೊಳಗೇ ಇದ್ದವು ಎಂಬುದನ್ನೂ ಗಮನಿಸಬೇಕು.

ಈ ದೋಷವನ್ನು ತಿದ್ದಲು 2023ರ ಆಗಸ್ಟ್ 4ರಂದು ತಿದ್ದುಪಡಿಯಾದ ಭಾರತ್‌ನೆಟ್ ಕಾರ್ಯಕ್ರಮಕ್ಕೆ 1,39,579 ಕೋಟಿ ರೂಪಾಯಿ ವೆಚ್ಚದಲ್ಲಿ ಒಪ್ಪಿಗೆ ದೊರೆಯಿತು. ಇದರಲ್ಲಿ ಪಂಚಾಯತಿಗಳನ್ನು ಕೊಂಬೆಯಂತಲ್ಲದೆ ಬಳೆಯಂತೆ ಜೋಡಿಸಲಾಗುತ್ತದೆ; ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ನೀವು ಗುರುತಿಟ್ಟುಕೊಳ್ಳಬೇಕಾದ ಎರಡು ಅಂಶಗಳು ಇದರಲ್ಲಿವೆ. ಮೊದಲನೆಯದು, ಪಂಚಾಯತಿಯ ಕೇಂದ್ರಸ್ಥಾನವಲ್ಲದ ಉಳಿದ ಹಳ್ಳಿಗಳಿಗೆ ಬೇಡಿಕೆಯ ಮೇರೆಗೆ ಸಂಪರ್ಕ. ಬೇಡಿಕೆ ಬಾರದಿದ್ದರೆ ಸಂಪರ್ಕವೂ ಬಾರದು. ಎರಡನೆಯದು, ಪಂಚಾಯತಿಯಿಂದ ಮನೆಗೆ ಸೇವೆ ಒಯ್ಯುವ ಕೆಲಸಕ್ಕೆ ಸ್ಥಳೀಯ ಉದ್ಯಮಿಗಳನ್ನೇ ಆದಾಯ ಹಂಚಿಕೆಯ ಮೇಲೆ ತೊಡಗಿಸಿಕೊಳ್ಳುವುದು. ಇವರನ್ನು ‘ಭಾರತ್‌ನೆಟ್ ಉದ್ಯಮಿ’ ಎಂದು ಕರೆಯುತ್ತಾರೆ. ಸರ್ಕಾರದ ಕೇಬಲ್ ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ಬಾಗಿಲಿನಿಂದ ಹೊಸ್ತಿಲಿನವರೆಗಿನ ದಾರಿಯನ್ನು ಊರಿನವರೊಬ್ಬರು ನಡೆಸಬೇಕೆಂಬುದನ್ನು ಸರ್ಕಾರವೂ ಒಪ್ಪಿಕೊಂಡಿದೆ.

ಭಾರತ್‌ನೆಟ್ಟಿಗೆ ಹಣ ಬರುವ ದಾರಿಯೂ ತಿಳಿದಿರಲಿ. ದೂರಸಂಪರ್ಕ ಪರವಾನಗಿದಾರ ಕಂಪನಿಗಳು ತಮ್ಮ ಪರಿಗಣಿತ ಆದಾಯದ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟುತ್ತವೆ. ಹಿಂದೆ ಸಾರ್ವತ್ರಿಕ ಸೇವಾ ನಿಧಿ ಎನಿಸಿಕೊಂಡಿದ್ದ ಇದು 2023ರ ದೂರಸಂಪರ್ಕ ಕಾಯ್ದೆಯಿಂದ ಡಿಜಿಟಲ್ ಭಾರತ್ ನಿಧಿಯಾಯಿತು. ನಾವು ಮೊಬೈಲಿಗೆ ತುಂಬುವ ಹಣದ ಒಂದು ಪಾಲು ಅದರಲ್ಲಿದೆ. ಆದ್ದರಿಂದ ಈ ಸಂಪರ್ಕವನ್ನು ಹಳ್ಳಿ ಕೇಳುವುದು ಭಿಕ್ಷೆಯಲ್ಲ, ತನ್ನ ಪಾಲು.

ಮುಖ್ಯ ಓಣಿಗೆ ಬಂದದ್ದು ವಸ್ತಿಗೇಕೆ ಬರಲಿಲ್ಲ?

ನಮ್ಮ ಭಾಗದ ಜನ ಊರೊಳಗೆ ಮಾತ್ರ ವಾಸಿಸುವುದಿಲ್ಲ. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ವಸ್ತಿಗಳಿವೆ. ಊರಿನಿಂದ ದೂರದಲ್ಲಿ ತಾಂಡಾಗಳಿವೆ. ಸ್ಥಳೀಯ ಸೇವಾದಾರರ ಕೇಬಲ್ ಮುಖ್ಯ ಓಣಿಗೆ ಬರುತ್ತದೆ, ತಾಂಡಾಕ್ಕೆ ಹೋಗುವುದಿಲ್ಲ ಎಂಬ ದೂರು ನಿಮ್ಮ ಕಿವಿಗೆ ಬಿದ್ದಿರಲಿಕ್ಕೆ ಸಾಕು. ಇದಕ್ಕೆ ಕಾರಣ ಬಹಳ ಸಲ ದ್ವೇಷವೂ ಅಲ್ಲ, ಉದಾಸೀನವೂ ಅಲ್ಲ, ಲೆಕ್ಕ. ಆ ಲೆಕ್ಕವನ್ನು ನಾವೂ ಹಾಕಿ ನೋಡೋಣ. ಮುಂದಿನ ಅಂಕಿಗಳು ವಿಷಯ ತಿಳಿಯಲು ಇಟ್ಟುಕೊಂಡ ಉದಾಹರಣೆ ಮಾತ್ರ, ಯಾವ ಊರಿನ ವರದಿಯೂ ಅಲ್ಲ.

ಒಂದು ಊರಿನಲ್ಲಿ 120 ಮನೆಗಳು ತಿಂಗಳಿಗೆ 500 ರೂಪಾಯಿ ಕೊಡುತ್ತವೆ ಎನ್ನೋಣ. ಒಟ್ಟು 60,000 ರೂಪಾಯಿ. ಅದರೊಳಗೆ ಶೇ 18ರ ಜಿ.ಎಸ್.ಟಿ. ಸುಮಾರು 9,150 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ. ಉಳಿದುದರಲ್ಲಿ ಪರವಾನಗಿದಾರ ಕಂಪನಿಯ ಪಾಲು, ಸಗಟು ಸಂಪರ್ಕದ ಬಾಡಿಗೆ, ವಿದ್ಯುತ್ ಬಿಲ್ಲು, ಬ್ಯಾಟರಿ, ಕಂಬ ಹತ್ತುವವರ ಸಂಬಳ, ತುಂಡಾದ ಕೇಬಲ್ಲಿನ ಜೋಡಣೆ ಎಲ್ಲವೂ ಆಗಬೇಕು. ಮನೆಯೊಂದಕ್ಕೆ ತಿಂಗಳಿಗೆ 100 ರೂಪಾಯಿ ಉಳಿದರೆ ಉಳಿಯಿತು.

ಈಗ ಊರಿನಿಂದ 3 ಕಿಲೋಮೀಟರ್ ದೂರದಲ್ಲಿ 12 ಮನೆಗಳ ಒಂದು ವಸ್ತಿಯಿದೆ. ಕಂಬ, ಕೇಬಲ್, ಕೂಲಿ ಸೇರಿ ಕಿಲೋಮೀಟರಿಗೆ 30,000 ರೂಪಾಯಿ ಎಂದಿಟ್ಟುಕೊಂಡರೆ 90,000 ರೂಪಾಯಿ ಬೇಕು. ಮನೆಯೊಂದಕ್ಕೆ 7,500 ರೂಪಾಯಿ ಬಿತ್ತು. ತಿಂಗಳಿಗೆ 100 ರೂಪಾಯಿಯಂತೆ ಅದು ಹಿಂದಿರುಗಲು 75 ತಿಂಗಳು, ಅಂದರೆ ಆರು ವರ್ಷ ಮೂರು ತಿಂಗಳು. ಸಾಲ ಮಾಡಿ ಕೇಬಲ್ ಹಾಕುವ ಸಣ್ಣ ಸೇವಾದಾರರು ಅಷ್ಟು ಕಾಯಲಾರರು.

ಇದೇ ಲೆಕ್ಕದಲ್ಲಿ ಪಂಚಾಯತಿ ಎರಡು ಅಂಕಿಗಳನ್ನು ಬದಲಿಸಬಲ್ಲದು. ವಾರ್ಡ್ ಸಭೆಯಲ್ಲಿ ಕುಳಿತು, ಆ ದಾರಿಯಲ್ಲಿ ಬರುವ ವಸ್ತಿ, ತಾಂಡಾ, ಶೆಡ್ಡು, ಶಾಲೆ, ಅಂಗನವಾಡಿ ಎಲ್ಲವನ್ನೂ ಪಟ್ಟಿ ಮಾಡಿದರೆ 12ರ ಜಾಗದಲ್ಲಿ 24 ಸಂಪರ್ಕಗಳು ಸಿಗಬಹುದು. ರೈತರು ತಮ್ಮ ಹೊಲದ ಬದುವಿನಲ್ಲಿ ಕೇಬಲ್ ಹಾಯಲು ಒಪ್ಪಿ, ನೆಡಲು ಕಂಬಗಳನ್ನು ತಾವೇ ಒದಗಿಸಿದರೆ ವೆಚ್ಚ ಅರ್ಧಕ್ಕಿಳಿದು 45,000 ರೂಪಾಯಿ ಆಗಬಹುದು. ಆಗ ಮನೆಯೊಂದಕ್ಕೆ 1,875 ರೂಪಾಯಿ. ಹಿಂದಿರುಗಲು ಬೇಕಾದದ್ದು ಸುಮಾರು 19 ತಿಂಗಳು. ಆರು ವರ್ಷದ ಮಾತು ಒಂದೂವರೆ ವರ್ಷಕ್ಕೆ ಬಂದಿತು. ಪಂಚಾಯತಿ ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ. ಜನರನ್ನು ಒಟ್ಟುಗೂಡಿಸಿತು, ಅಷ್ಟೇ.

ಒಬ್ಬರ ಹೊಲದ ಬದುವಿನಲ್ಲಿ ಇನ್ನೊಬ್ಬರ ತೋಟದ ನೀರಿನ ಪೈಪು ಹಾಯಲು ಒಪ್ಪುವ ವಾಡಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗ್ರಾಮೀಣ ಭಾಗದಲ್ಲಿ ದೊಡ್ಡ ಕಂಪನಿಗಳು ಬರಲೊಪ್ಪದಿದ್ದಾಗ, 2011ರಲ್ಲಿ ಅಲ್ಲಿನ ಜನರು ಬಿ4ಆರ್‌ಎನ್ ಎಂಬ ಸಮುದಾಯ ಸಂಘ ಕಟ್ಟಿ ಇದೇ ವಾಡಿಕೆಯಿಂದ ಕೆಲಸ ಸಾಧಿಸಿದರು. ಜಮೀನಿನವರು ಪುಕ್ಕಟೆಯಾಗಿ ದಾರಿ ಕೊಟ್ಟರು, ಊರಿನವರು ತಾವೇ ಕಾಲುವೆ ತೋಡಿದರು. ನಮ್ಮ ನೆರೆಯಲ್ಲಿಯೂ ಒಂದು ಹಳೆಯ ಮಾದರಿಯಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಸ್ಥಾಪನೆಯಾಗಿ, ಸಗಟಾಗಿ ವಿದ್ಯುತ್ತನ್ನು ಕೊಂಡು ಮನೆಗಳಿಗೂ ತೋಟಗಳಿಗೂ ಹಂಚುತ್ತ ಬಂದಿದೆ. ಹಂಚುವವರು ಸಣ್ಣವರಾದರೆ ಸೇವೆ ಕೀಳಾಗಬೇಕೆಂದೇನೂ ಇಲ್ಲ. ಅವರ ಹೆಸರು ನೋಂದಣಿಯಲ್ಲಿರಬೇಕು, ಬಿಲ್ಲು ಕೈಯಲ್ಲಿರಬೇಕು, ಕೇಳಿದರೆ ಉತ್ತರ ಕೊಡುವಂತಿರಬೇಕು.

ಪಂಚಾಯತಿ ಮಾಡಬೇಕಾದ ಕೆಲಸಗಳು

ಈಗ ನಮ್ಮ ಹೊಣೆಯ ಮಾತಿಗೆ ಬರೋಣ.

ಮೊದಲನೆಯದು, ಗುರುತು. ನಿಮ್ಮ ವ್ಯಾಪ್ತಿಯಲ್ಲಿ ಕೇಬಲ್ ಎಳೆದಿರುವ ಎಲ್ಲ ಸೇವಾದಾರರ ಒಂದು ವಹಿಯನ್ನು ಪಂಚಾಯತಿಯಲ್ಲಿ ಇಡಿ. ಸೇವಾದಾರರ ಹೆಸರು, ಅವರು ಯಾವ ಪರವಾನಗಿದಾರ ಕಂಪನಿಯ ಅಡಿಯಲ್ಲಿ ಸೇವೆ ಕೊಡುತ್ತಾರೆ, ಪರವಾನಗಿಯ ಪ್ರತಿ, ದುರಸ್ತಿಗೆ ಕರೆಯಬೇಕಾದ ದೂರವಾಣಿ, ಕೇಬಲ್ ಹಾಯ್ದಿರುವ ದಾರಿಯ ನಕಾಶೆ ಅದರಲ್ಲಿರಲಿ. ಪರವಾನಗಿಯಿಲ್ಲದೆ ಅಥವಾ ಪರವಾನಗಿದಾರರೊಂದಿಗಿನ ಒಪ್ಪಂದವಿಲ್ಲದೆ ಇಂಟರ್‌ನೆಟ್ ಮಾರುವುದು ಕಾನೂನುಬಾಹಿರ. ಗ್ರಾಹಕರ ಗುರುತಿನ ದಾಖಲೆ ಇಡುವುದು ಪರವಾನಗಿಯ ಷರತ್ತು. ನಾಳೆ ನಮ್ಮೂರಿನ ಸಂಪರ್ಕದಿಂದ ಯಾರೋ ಆನ್‌ಲೈನ್ ವಂಚನೆ ಮಾಡಿದರೆ, ದಾಖಲೆಯಿಲ್ಲದ ಕೇಬಲ್ಲಿನ ತುದಿಯಲ್ಲಿ ಯಾರಿದ್ದರೆಂದು ಹೇಳುವುದು ಪೊಲೀಸರಿಗೂ ಕಷ್ಟ, ನಿರಪರಾಧಿಗೂ ಸಂಕಷ್ಟ.

ಎರಡನೆಯದು, ಅನುಮತಿ. ದೂರಸಂಪರ್ಕ ಕೇಬಲ್ಲಿಗೆ ದಾರಿ ಕೊಡುವ ವಿಷಯದಲ್ಲಿ 2016ರಲ್ಲಿ ಕೇಂದ್ರದ ನಿಯಮಗಳು ಬಂದವು. ಅವುಗಳ ಜಾಗದಲ್ಲಿ 2024ರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಸ್ಥಳೀಯ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸಾರ ಇಷ್ಟು: ಕ್ರಮಬದ್ಧ ಅರ್ಜಿ ಬಂದರೆ ಗಡುವಿನೊಳಗೆ ತೀರ್ಮಾನಿಸಬೇಕು. ನಿರಾಕರಿಸುವುದಾದರೆ ಕಾರಣವನ್ನು ಬರೆದು ತಿಳಿಸಬೇಕು. ಗಡುವು ಮೀರಿದರೆ ಅನುಮತಿ ದೊರೆತಂತೆಯೇ ಎಂದು ಪರಿಗಣನೆಯಾಗುತ್ತದೆ. ಆಡಳಿತ ವೆಚ್ಚ ಮತ್ತು ಅಗೆದುದನ್ನು ಮೊದಲಿನಂತೆ ಮಾಡುವ ವೆಚ್ಚವನ್ನು ಪಡೆಯಬಹುದೇ ಹೊರತು ಮನಸ್ಸಿಗೆ ಬಂದ ಶುಲ್ಕ ಹಾಕುವಂತಿಲ್ಲ. ಅರ್ಜಿಯನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿಡುವುದರಿಂದ ಪಂಚಾಯತಿಗೆ ಅಧಿಕಾರ ಬರುವುದಿಲ್ಲ, ಇದ್ದ ಅಧಿಕಾರವೂ ಹೋಗುತ್ತದೆ. ಸಭೆಯಲ್ಲಿ ಚರ್ಚಿಸಿ, ಠರಾವು ಮಾಡಿ, ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಷರತ್ತನ್ನು ಬರೆದು ಅನುಮತಿ ಕೊಡಿ.

ಮೂರನೆಯದು, ಜೀವದ ಸುರಕ್ಷತೆ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಆದರೆ ಕೆಲವು ಕೇಬಲ್ಲುಗಳ ಜೊತೆಗೆ ಆಸರೆಗಾಗಿ ಉಕ್ಕಿನ ತಂತಿ ಇರುತ್ತದೆ. ಅದು ಹೆಸ್ಕಾಂ ಕಂಬದ ಮೇಲೆ ವಿದ್ಯುತ್ ತಂತಿಗೆ ತಗುಲಿದರೆ ಇಡೀ ಓಣಿಗೆ ಅಪಾಯ. ಹೆಸ್ಕಾಂ ಅನುಮತಿಯಿಲ್ಲದೆ ಅವರ ಕಂಬಕ್ಕೆ ಕೇಬಲ್ ಕಟ್ಟಲು ಯಾರಿಗೂ ಹಕ್ಕಿಲ್ಲ. ಬಾಯಿಮಾತಿನಲ್ಲಿ “ಕಟ್ಟಿಕೊಳ್ಳಿ” ಎನ್ನಲು ಪಂಚಾಯತಿಗೂ ಅಧಿಕಾರವಿಲ್ಲ. ಟ್ರ್ಯಾಕ್ಟರಿನಲ್ಲಿ ಮೇವು, ಕಬ್ಬು ಹೇರಿಕೊಂಡು ಹೋಗುವಾಗ ತಗುಲುವಷ್ಟು ಕೆಳಗೆ ಜೋತುಬಿದ್ದ ಕೇಬಲ್ ಕಂಡರೆ ಲಿಖಿತವಾಗಿ ತಿಳಿಸಿ, ಎತ್ತರಿಸಿ ಕಟ್ಟಿಸಿ. ಬಳಕೆ ನಿಂತ ಹಳೆಯ ಕೇಬಲ್ಲುಗಳನ್ನು ಬಿಚ್ಚಿಸಿ.

ನಾಲ್ಕನೆಯದು, ಅಗೆಯುವ ಮುನ್ನ ಮಾತು. ನಾನು ಮೊದಲು ಹೇಳಿದ ಪ್ರಸಂಗಕ್ಕೆ ಮದ್ದು ಇಲ್ಲಿದೆ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಬಿಡುಗಡೆ ಮಾಡಿತು. ಅಗೆಯುವವರು ತಾವು ಅಗೆಯುವ ಸ್ಥಳವನ್ನು ಅದರಲ್ಲಿ ನಮೂದಿಸಿದರೆ, ಅಲ್ಲಿ ಕೇಬಲ್ ಅಥವಾ ಪೈಪು ಹಾಕಿರುವವರಿಗೆ ಸಂದೇಶ ಹೋಗುತ್ತದೆ. ಆದರೆ ಸಣ್ಣ ಸೇವಾದಾರರು ತಮ್ಮ ಕೇಬಲ್ಲಿನ ದಾರಿಯನ್ನು ದಾಖಲಿಸದಿದ್ದರೆ ಅವರಿಗೆ ಸಂದೇಶವೂ ಬಾರದು. ಆದ್ದರಿಂದ ಪಂಚಾಯತಿಯ ನಕಾಶೆಯೂ ಬೇಕು. ಪೈಪು, ಚರಂಡಿ, ರಸ್ತೆ ಕಾಮಗಾರಿಯ ಆದೇಶ ಕೊಡುವಾಗ, ಅಗೆಯುವ ಹಿಂದಿನ ದಿನ ವಹಿಯಲ್ಲಿರುವ ಸೇವಾದಾರರಿಗೆ ತಿಳಿಸಬೇಕೆಂಬ ಒಂದು ಸಾಲನ್ನು ಸೇರಿಸಿ. ಒಂದು ದೂರವಾಣಿ ಕರೆಯಿಂದ ಮೂರು ದಿನದ ತೊಂದರೆ ತಪ್ಪುತ್ತದೆ.

ಐದನೆಯದು, ಸೇವೆಯ ಗುಣಮಟ್ಟ. ಸಂಜೆ 8ರಿಂದ 10ರವರೆಗೆ ಇಂಟರ್‌ನೆಟ್ ನಿಧಾನವೆಂಬ ದೂರು ಎಲ್ಲೆಡೆ ಇದೆ. ಮತ್ತೆ ಉದಾಹರಣೆಯ ಲೆಕ್ಕ: 120 ಮನೆಗಳಿಗೆ ತಲಾ 50 ಎಂಬಿಪಿಎಸ್ ವೇಗ ಮಾರಿದರೆ ಒಟ್ಟು 6,000 ಆಯಿತು. ಎಲ್ಲರೂ ಒಂದೇ ಹೊತ್ತಿಗೆ ಬಳಸುವುದಿಲ್ಲವೆಂದು ಸೇವಾದಾರರು 600 ಕೊಂಡು ತರುತ್ತಾರೆ. ಹಗಲಿನಲ್ಲಿ ಅದು ಸಾಕಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಕುಳಿತಾಗ ಸಾಲದು. ಹಂಚಿಕೊಳ್ಳುವುದು ತಪ್ಪಲ್ಲ, ದೊಡ್ಡ ಕಂಪನಿಗಳೂ ಅದನ್ನೇ ಮಾಡುತ್ತವೆ. ಆದರೆ ಗ್ರಾಹಕರು ಹೆಚ್ಚಿದಂತೆ ಸಗಟು ಖರೀದಿಯನ್ನು ಹೆಚ್ಚಿಸದಿರುವುದು ತಪ್ಪು. “ಎಷ್ಟು ಮನೆಗಳಿವೆ, ಎಷ್ಟು ತರುತ್ತಿದ್ದೀರಿ?” ಎಂದು ಗ್ರಾಮ ಸಭೆಯಲ್ಲಿ ಕೇಳಿ. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ ವೇಗ 2 ಎಂಬಿಪಿಎಸ್ ಇರಬೇಕೆಂದು ಕೇಂದ್ರ ನಿಗದಿ ಮಾಡಿದೆ. ಮೊದಲು ಅದು 512 ಕೆಬಿಪಿಎಸ್ ಇತ್ತು. ಗ್ರಾಹಕರ ದೂರಿಗೆ ಸೇವಾದಾರರು ಕ್ರಮಸಂಖ್ಯೆ ಕೊಡಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಪರವಾನಗಿದಾರ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆ ಬಳಿಕ ಕೇಂದ್ರ ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗಕ್ಕೆ ಹೋಗಬಹುದು. ಟ್ರಾಯ್ ಸಂಸ್ಥೆ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿರೆಂದು ಜನರಿಗೆ ತಿಳಿಸಿ.

ಆರನೆಯದು, ಮನೆಯಲ್ಲಿ ಸಂಪರ್ಕ ಕೊಳ್ಳಲಾರದವರು. ಪಿಎಂ-ವಾಣಿ ಎಂಬ ಯೋಜನೆಗೆ 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿತು. ಕಿರಾಣಿ ಅಂಗಡಿಯವರೋ ಚಹದ ಅಂಗಡಿಯವರೋ ಒಂದು ಸಂಪರ್ಕ ಪಡೆದು, ವೈಫೈ ಮೂಲಕ ಸಣ್ಣ ಮೊತ್ತಕ್ಕೆ ಜನರಿಗೆ ಇಂಟರ್‌ನೆಟ್ ಮಾರಬಹುದು. ಅವರಿಗೆ ಪರವಾನಗಿಯೂ ಬೇಡ, ನೋಂದಣಿ ಶುಲ್ಕವೂ ಇಲ್ಲ. ಇಂಥ ಕೇಂದ್ರಕ್ಕೆ ಪಬ್ಲಿಕ್ ಡೇಟಾ ಆಫೀಸ್, ಚುಟುಕಾಗಿ ಪಿಡಿಒ ಎಂದು ಹೆಸರು. ನಮ್ಮ ಪಿಡಿಒ ಸಾಹೇಬರಿಗೆ ಇನ್ನೊಂದು ಕೆಲಸ ಬಿತ್ತೆಂದು ಯಾರೂ ಗಾಬರಿಪಡಬೇಕಿಲ್ಲ. ಇದು ಅಂಗಡಿಯ ಪಿಡಿಒ. ಇಂಥವರಿಗೆ ಕಂಪನಿಗಳು ಮನೆಯ ಸಂಪರ್ಕದ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದೆಂದು ಟ್ರಾಯ್ 2025ರ ಜೂನಿನಲ್ಲಿ ಆದೇಶಿಸಿದೆ. 200 ಎಂಬಿಪಿಎಸ್‌ವರೆಗಿನ ಸಂಪರ್ಕಗಳಿಗೆ ಇದು ಅನ್ವಯ. ಪಂಚಾಯತಿಯ ಅರಿವು ಕೇಂದ್ರದಲ್ಲಿ ಓದಲು ಬರುವ ಮಕ್ಕಳನ್ನೂ ಮರೆಯಬೇಡಿ. ಸಂಜೆ ಕಚೇರಿಗೆ ಬೀಗ ಹಾಕುವಾಗ ಮುಖ್ಯ ಸ್ವಿಚ್ ಆರಿಸಿದರೆ, ಒಳಗಿರುವ ಭಾರತ್‌ನೆಟ್ ಯಂತ್ರವೂ ಆರುತ್ತದೆ. ಆ ಯಂತ್ರಕ್ಕೆ ಬೇರೆ ಸ್ವಿಚ್ ಹಾಕಿಸುವುದು ಎಲೆಕ್ಟ್ರಿಶಿಯನ್ನರಿಗೆ ಅರ್ಧ ದಿನದ ಕೆಲಸ.

ಒಂದು ಕಿವಿಮಾತು

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಊರಿನ ಕೇಬಲ್ ನಡೆಸುವವರು ಊರಿನವರೇ ಆಗಿರುವುದರಿಂದ ಅವರು ಯಾರಿಗೋ ಅಣ್ಣ, ಯಾರಿಗೋ ಅಳಿಯ, ಕೆಲವೆಡೆ ಸ್ವತಃ ಸದಸ್ಯರೂ ಆಗಿರುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ತನ್ನ ಅಥವಾ ತನ್ನ ಬಂಧುವಿನ ಕೇಬಲ್ಲಿನ ವಿಷಯ ಸಭೆಗೆ ಬಂದಾಗ ಅಂಥ ಸದಸ್ಯರು ಚರ್ಚೆಯಿಂದ ದೂರ ಉಳಿಯಬೇಕು. ಎರಡನೆಯ ಸೇವಾದಾರರು ಅರ್ಜಿ ಹಾಕಿದರೆ, “ನಮ್ಮೂರಿಗೆ ಒಬ್ಬರು ಸಾಕು” ಎಂದು ಅವರನ್ನು ತಡೆಯಬಾರದು. ಎರಡು ಕೇಬಲ್ಲುಗಳಿರುವ ಊರಿನಲ್ಲಿ ದರ ಹದ್ದಿನಲ್ಲಿರುತ್ತದೆ. ಒಂದು ತುಂಡಾದ ದಿನ ಇನ್ನೊಂದು ಊರನ್ನು ಕಾಯುತ್ತದೆ. ಹಾಗೆಯೇ, ದೊಡ್ಡ ಕಂಪನಿಯೊಂದು ಬಂದಿತೆಂದು ಊರಿನ ಸಣ್ಣ ಸೇವಾದಾರರ ಕೇಬಲ್ ಕತ್ತರಿಸಲು ಯಾರಿಗೂ ಅವಕಾಶ ಕೊಡಬಾರದು. ಮಳೆಯ ರಾತ್ರಿ ಕರೆದರೆ ಬೈಕು ಹತ್ತಿ ಬರುವವರು ಅವರೇ ಎಂಬುದು ನಿಮಗೆ ಗೊತ್ತಿದೆ.

ಇಂದು ಪಹಣಿ, ಇ-ಸ್ವತ್ತು, ಪಿಂಚಣಿ, ವಿದ್ಯಾರ್ಥಿವೇತನ, ಪಡಿತರದ ಬೆರಳಚ್ಚು ಎಲ್ಲವೂ ಈ ಎಳೆಯ ಮೇಲೆ ನಿಂತಿವೆ. ಉದ್ಯೋಗ ಖಾತರಿ ಕೂಲಿಕಾರರ ಹಾಜರಿಯನ್ನು 2023ರ ಜನವರಿ 1ರಿಂದ ಆ್ಯಪಿನಲ್ಲಿ ಫೋಟೊ ಸಹಿತ ದಾಖಲಿಸುವುದು ಕಡ್ಡಾಯವಾದಾಗ, ಸಂಪರ್ಕ ಸಿಗದ ದಿನ ಕೂಲಿಯವರ ಮುಖದಲ್ಲಿ ಕಂಡ ಆತಂಕ ನಿಮಗೆ ನೆನಪಿದ್ದೀತು. ಸಂಪರ್ಕ ಕಡಿದರೆ ಮೊದಲು ನಷ್ಟವಾಗುವುದು ದಿನಗೂಲಿಯವರಿಗೆ, ವೃದ್ಧರಿಗೆ, ಮಕ್ಕಳಿಗೆ. ಬೈಕು, ಕಾರು ಇದ್ದವರು ವಿಜಯಪುರಕ್ಕೆ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ಪಂಚಾಯತಿಯ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ. ಸೇವಾದಾರರನ್ನು ಕರೆಯಿರಿ, ವಹಿಯ ಮೊದಲ ಪುಟವನ್ನು ಅಂದೇ ಬರೆಯಿರಿ. ವಸ್ತಿ ಮತ್ತು ತಾಂಡಾಗಳ ಬೇಡಿಕೆಯ ಪಟ್ಟಿಯನ್ನು ವಾರ್ಡ್ ಸಭೆಗಳಲ್ಲಿ ಸಿದ್ಧಪಡಿಸಿ, ಠರಾವಿನೊಂದಿಗೆ ಮೇಲಿನವರಿಗೆ ಕಳುಹಿಸಿ. ಮುಂದೆ ಎಂದಾದರೂ ಒಬ್ಬ ತಂದೆ ನಿಮ್ಮ ಮುಂದೆ ನಿಂತು, “ಇದನ್ನ ಯಾರಿಗೆ ಕೇಳಬೇಕ್ರಿ?” ಎಂದರೆ, “ನಮಗೇ ಕೇಳ್ರಿ, ಹೆಸರು, ನಂಬರು ಎಲ್ಲಾ ಇಲ್ಲೇ ಐತ್ರಿ” ಎಂದು ಹೇಳುವಂತಾಗಲಿ.